ಹೊಕ್ಕುಳಬಳ್ಳಿಯಲ್ಲಿ ಒಂದೇ ಅಪಧಮನಿ: ವರದಿ ಕೈಗೆ ಬಂದ ಮೇಲೆ ಏನು ಮಾಡಬೇಕು

ಮಗುವಿನ ಅಂಗಗಳ ರಚನೆ ನೋಡಲು ಐದನೇ ತಿಂಗಳಲ್ಲಿ ಮಾಡಿಸುವ ಅನಾಮಲಿ ಸ್ಕ್ಯಾನನ್ನು ನಮ್ಮಲ್ಲಿ ಟಿಫ್ಫಾ ಸ್ಕ್ಯಾನ್ ಎಂದೂ ಕರೆಯುತ್ತಾರೆ. ಆ ವರದಿಯಲ್ಲಿ ‘ಸಿಂಗಲ್ ಅಂಬಿಲಿಕಲ್ ಆರ್ಟರಿ’ ಎಂದೋ, ‘ಟೂ ವೆಸೆಲ್ ಕಾರ್ಡ್’ ಎಂದೋ, ಚಿಕ್ಕದಾಗಿ ‘ಎಸ್‌ಯುಎ’ ಎಂದೋ ಬರೆದಿದ್ದರೆ, ಮಗುವಿನ ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿಗಳಿರಬೇಕಾದಲ್ಲಿ ಒಂದೇ ಕಂಡಿದೆ ಎಂದು ತಿಳಿಯಬೇಕು. ವರದಿ ಬಂದ ದಿನವೇ ವೈದ್ಯರು ಸಿಗದಿದ್ದರೆ ಗರ್ಭಿಣಿಯೂ ಮನೆಯವರೂ ಮೊಬೈಲಿನಲ್ಲಿ ಈ ಪದಗಳನ್ನು ಹುಡುಕುತ್ತಾರೆ, ಹುಡುಕಿದಷ್ಟೂ ಭಯ ಹೆಚ್ಚುತ್ತದೆ. ಆದರೆ ಈ ಒಂದು ಸಾಲಿನಿಂದ ಹುಟ್ಟುವ ಪ್ರಶ್ನೆಗಳು ಎರಡೇ. ಇದರ ಜೊತೆಗೆ ಮಗುವಿನ ದೇಹದಲ್ಲಿ ಬೇರೆ ಯಾವುದಾದರೂ ವ್ಯತ್ಯಾಸವಿದೆಯೇ? ಮುಂದಿನ ತಿಂಗಳುಗಳಲ್ಲಿ ಮಗು ಸರಿಯಾಗಿ ಬೆಳೆಯುತ್ತದೆಯೇ? ಮೊದಲನೆಯದಕ್ಕೆ ಕೆಲವೇ ದಿನಗಳಲ್ಲಿ ಉತ್ತರ ಪಡೆಯಬಹುದು, ಎರಡನೆಯದಕ್ಕೆ ಕಾಯಬೇಕಾಗುತ್ತದೆ. ಇವೆರಡನ್ನೂ ಬೆರೆಸದೆ ಒಂದಾದ ಮೇಲೊಂದರಂತೆ ನೋಡಿಕೊಂಡರೆ ಉಳಿದ ಗರ್ಭಾವಸ್ಥೆಯನ್ನು ಬಹುಮಟ್ಟಿಗೆ ನೆಮ್ಮದಿಯಿಂದ ಕಳೆಯಲು ಸಾಧ್ಯ.

ಬಳ್ಳಿಯೊಳಗೆ ಏನಾಗಿದೆ

ಸಾಮಾನ್ಯ ಹೊಕ್ಕುಳಬಳ್ಳಿಯಲ್ಲಿ ಮೂರು ರಕ್ತನಾಳಗಳಿರುತ್ತವೆ. ಒಂದು ಅಭಿಧಮನಿ ಮಾಸಿನಿಂದ ಆಮ್ಲಜನಕ ಮತ್ತು ಪೋಷಕಾಂಶ ತುಂಬಿದ ರಕ್ತವನ್ನು ಮಗುವಿಗೆ ತಲುಪಿಸುತ್ತದೆ. ಎರಡು ಅಪಧಮನಿಗಳು ಮಗು ಬಳಸಿದ ರಕ್ತವನ್ನು ಮತ್ತೆ ಮಾಸಿಗೆ ಒಯ್ಯುತ್ತವೆ. ಮಗುವಿಗೆ ಆಹಾರ ತರುವ ನಾಳ ಹಾಗೆಯೇ ಇದೆ, ಕಡಿಮೆಯಾಗಿರುವುದು ಹಿಂದಿರುಗುವ ದಾರಿಗಳಲ್ಲಿ ಒಂದು ಎಂಬ ಈ ವಿವರವನ್ನು ಅನೇಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ. ಎರಡು ಕಾಲುವೆಗಳ ನೀರು ಒಂದೇ ಕಾಲುವೆಗೆ ತಿರುಗಿದಾಗ ಆ ಕಾಲುವೆ ಅಗಲವಾಗುವಂತೆ, ಉಳಿದ ಒಂದು ಅಪಧಮನಿ ಹಿಗ್ಗಿ ಇಬ್ಬರ ಕೆಲಸವನ್ನೂ ವಹಿಸಿಕೊಳ್ಳುತ್ತದೆ. ಸ್ಕ್ಯಾನ್‌ನಲ್ಲಿ ಅದರ ವ್ಯಾಸ ಸಾಮಾನ್ಯಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಒಂದೇ ಮಗುವಿರುವ ಗರ್ಭಗಳಲ್ಲಿ ಇದು ಸುಮಾರು 200ಕ್ಕೆ ಒಂದರಿಂದ 100ಕ್ಕೆ ಒಂದರಷ್ಟು ಪ್ರಮಾಣದಲ್ಲಿ ಕಾಣುತ್ತದೆ, ಅವಳಿಗಳಲ್ಲಿ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆ ಇರುವ ತಾಯಂದಿರಲ್ಲಿಯೂ ಸ್ವಲ್ಪ ಹೆಚ್ಚು. ಬಲಭಾಗದ್ದಕ್ಕಿಂತ ಎಡಭಾಗದ ಅಪಧಮನಿ ಇಲ್ಲದಿರುವುದೇ ಸಾಮಾನ್ಯ. ಯಾವ ಬದಿಯದು ಇಲ್ಲ ಎಂಬುದರಿಂದ ತಾಯಿ ಅನುಸರಿಸಬೇಕಾದ ಕ್ರಮ ಬದಲಾಗುವುದಿಲ್ಲ.

ಗರ್ಭದ ಮೊದಲ ವಾರಗಳಲ್ಲಿ ಒಂದು ಅಪಧಮನಿ ರೂಪುಗೊಳ್ಳದೆಯೇ ಹೋಗಿರಬಹುದು, ಇಲ್ಲವೇ ರೂಪುಗೊಂಡ ಮೇಲೆ ಬತ್ತಿಹೋಗಿರಬಹುದು. ಮೆಟ್ಟಿಲು ಹತ್ತಿದ್ದು, ಕೊಡ ಎತ್ತಿದ್ದು, ಬಸ್ಸಿನಲ್ಲಿ ಓಡಾಡಿದ್ದು, ಪಪ್ಪಾಯಿ ತಿಂದದ್ದು, ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದ್ದು, ಇವುಗಳಲ್ಲಿ ಯಾವುದರಿಂದಲೂ ಇದು ಆಗುವುದಿಲ್ಲ. ಕೊನೆಯ ಮಾತನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮಗುವಿನ ಸ್ಕ್ಯಾನ್‌ನಲ್ಲಿ ಏನೇ ವ್ಯತ್ಯಾಸ ಕಂಡರೂ ಗ್ರಹಣದ ದಿನ ಸೊಸೆ ಏನು ಮಾಡಿದಳು ಎಂದು ಲೆಕ್ಕ ಹಾಕುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮೊದಲೇ ಕಳವಳಗೊಂಡಿರುವ ಹೆಣ್ಣಿನ ಮೇಲೆ ತಪ್ಪು ಹೊರಿಸುವುದು ಅನ್ಯಾಯ, ಮತ್ತು ಅದನ್ನು ತಡೆಯುವ ಹೊಣೆ ಗಂಡನದು.

ಮೊದಲ ಪ್ರಶ್ನೆ: ಇದರ ಜೊತೆಗೆ ಬೇರೇನಾದರೂ ಇದೆಯೇ?

ಮುಂದಿನದೆಲ್ಲವೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಒಂದೇ ಅಪಧಮನಿ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇರೆ ಯಾವ ದೋಷವೂ ಇರುವುದಿಲ್ಲ; ಇದನ್ನು ವೈದ್ಯರು ‘ಐಸೊಲೇಟೆಡ್’ ಎನ್ನುತ್ತಾರೆ. ಉಳಿದವರಲ್ಲಿ ಮೂತ್ರಪಿಂಡ, ಹೃದಯ, ಜೀರ್ಣಾಂಗ, ಬೆನ್ನುಮೂಳೆ ಅಥವಾ ಮೆದುಳಿನ ರಚನೆಯಲ್ಲಿ ವ್ಯತ್ಯಾಸವಿರಬಹುದು. ಆದ್ದರಿಂದ ವರದಿಯಲ್ಲಿ ಬರೆದ ಸಾಲಿಗಿಂತ, ಉಳಿದ ಅಂಗಗಳೆಲ್ಲ ಸರಿಯಾಗಿ ಕಂಡವೇ ಎಂಬುದು ಮುಖ್ಯ. ಮಗು ಬೆನ್ನು ಮೇಲೆ ಮಾಡಿ ಮಲಗಿತ್ತು, ಹೃದಯದ ಕೆಲವು ಭಾಗಗಳು ಸ್ಪಷ್ಟವಾಗಲಿಲ್ಲ ಎಂದು ಬರೆದಿದ್ದರೆ ಆ ಸ್ಕ್ಯಾನ್ ಇನ್ನೂ ಮುಗಿದಿಲ್ಲ ಎಂದೇ ಭಾವಿಸಿ, ಒಂದೆರಡು ವಾರಗಳೊಳಗೆ ಮತ್ತೆ ಮಾಡಿಸಬೇಕು. ಸಾಧ್ಯವಿದ್ದರೆ ಭ್ರೂಣವೈದ್ಯ ತಜ್ಞರ ಬಳಿ, ಅಂದರೆ ಫೀಟಲ್ ಮೆಡಿಸಿನ್ ಓದಿದವರ ಬಳಿ ಮಾಡಿಸುವುದು ಒಳ್ಳೆಯದು.

ಮೊದಲು ಅಪಧಮನಿಗಳ ಎಣಿಕೆಯನ್ನೇ ಖಚಿತಪಡಿಸಿಕೊಳ್ಳಬೇಕು. ಮಗುವಿನ ಮೂತ್ರಕೋಶದ ಮಟ್ಟದಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ ನೋಡಿದರೆ ಕೋಶದ ಎರಡೂ ಬದಿಗಳಲ್ಲಿ ಒಂದೊಂದು ಅಪಧಮನಿ ಹಾದುಹೋಗುವುದು ಕಾಣಬೇಕು. ಒಂದು ಬದಿಯಲ್ಲಿ ಮಾತ್ರ ಕಂಡರೆ ಈ ನಿರ್ಣಯ ಗಟ್ಟಿ. ಮಾಸಿಗೆ ತೀರ ಹತ್ತಿರದಲ್ಲಿ ಎಣಿಸಿದರೆ ತಪ್ಪಾಗಬಹುದು, ಏಕೆಂದರೆ ಸಹಜವಾದ ಬಳ್ಳಿಯಲ್ಲಿಯೂ ಎರಡು ಅಪಧಮನಿಗಳು ಅಲ್ಲಿ ಒಂದರೊಡನೊಂದು ಕೂಡಿಕೊಳ್ಳುವುದುಂಟು. ಎಲ್ಲಿ ನೋಡಿ ಎಣಿಸಿದಿರಿ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಬಳಿಕ ಮೂತ್ರಪಿಂಡಗಳನ್ನು ಕುರಿತು ಕೇಳಬೇಕು: ಎರಡೂ ಕಂಡವೇ, ಇರಬೇಕಾದ ಜಾಗದಲ್ಲಿಯೇ ಇವೆಯೇ, ಮೂತ್ರಕೋಶ ತುಂಬಿ ಖಾಲಿಯಾಗುತ್ತಿದೆಯೇ. ನೀರು ಸಾಕಷ್ಟಿದೆ ಎಂಬ ಮಾತಿಗೆ ಇಲ್ಲಿ ತೃಪ್ತರಾಗಬಾರದು. ಗರ್ಭದ ಉತ್ತರಾರ್ಧದಲ್ಲಿ ಮಗುವಿನ ಸುತ್ತಲಿನ ನೀರು ಬಹುಪಾಲು ಮಗುವಿನ ಮೂತ್ರದಿಂದಲೇ ಆಗುತ್ತದೆ ಎಂಬುದು ನಿಜ. ಆದರೆ ಒಂದೇ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ನೀರಿನ ಪ್ರಮಾಣ ಸರಿಯಾಗಿಯೇ ಇರುತ್ತದೆ. ಹೃದಯದ ವಿಷಯದಲ್ಲಿ ನಾಲ್ಕು ಕೋಣೆಗಳ ಜೊತೆಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳೂ ಸ್ಪಷ್ಟವಾಗಿ ಕಂಡಿರಬೇಕು. ಇವೆಲ್ಲ ಚೆನ್ನಾಗಿ ಕಂಡು ಸಹಜವಾಗಿದ್ದಲ್ಲಿ ಪ್ರತ್ಯೇಕವಾಗಿ ಫೀಟಲ್ ಎಕೋ, ಅಂದರೆ ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್, ಬೇಕೇ ಎಂಬುದರಲ್ಲಿ ವೈದ್ಯರ ನಡುವೆ ಒಮ್ಮತವಿಲ್ಲ. ಕೈಗೆಟಕುವ ದೂರದಲ್ಲಿ, ಭರಿಸಬಹುದಾದ ವೆಚ್ಚದಲ್ಲಿ ಸಿಗುವುದಾದರೆ 22ರಿಂದ 24 ವಾರಗಳ ನಡುವೆ ಒಮ್ಮೆ ಮಾಡಿಸಿಕೊಳ್ಳುವುದು ಮನಸ್ಸಿಗೆ ನೆಮ್ಮದಿ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ. ಕೊನೆಗೆ, ಬಳ್ಳಿ ಮಾಸಿಗೆ ಎಲ್ಲಿ ಅಂಟಿಕೊಂಡಿದೆ ಎಂದೂ ಕೇಳಬೇಕು. ಬಳ್ಳಿ ಮಾಸಿನ ಅಂಚಿನಲ್ಲಿ ಅಥವಾ ಮಾಸಿನಿಂದಾಚೆ ಪೊರೆಯ ಮೇಲೆ ಅಂಟಿಕೊಳ್ಳುವುದು ಒಂದೇ ಅಪಧಮನಿ ಇರುವವರಲ್ಲಿ ಹೆಚ್ಚಾಗಿ ಕಾಣುತ್ತದೆ. ಹೆರಿಗೆಯ ಯೋಜನೆಗೆ ಈ ಮಾಹಿತಿ ಬೇಕಾಗುತ್ತದೆ.

ಕ್ರೋಮೋಸೋಮ್ ಪರೀಕ್ಷೆಯ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಒಂದೇ ಅಪಧಮನಿಯ ನಂಟಿರುವುದು ಡೌನ್ ಸಿಂಡ್ರೋಮ್‌ಗಿಂತ ಹೆಚ್ಚಾಗಿ ಟ್ರೈಸೋಮಿ 18 ಮತ್ತು 13 ಎಂಬ, ಒಂದು ಕ್ರೋಮೋಸೋಮ್ ಹೆಚ್ಚಾಗಿರುವ ಗಂಭೀರ ಸ್ಥಿತಿಗಳೊಂದಿಗೆ, ಮತ್ತು ಆ ಸ್ಥಿತಿಗಳಲ್ಲಿ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಬೇರೆ ದೋಷಗಳೂ ಕಾಣಿಸಿಕೊಳ್ಳುತ್ತವೆ. ಬೇರಾವ ದೋಷವೂ ಇಲ್ಲದಿದ್ದಲ್ಲಿ ಈ ಒಂದೇ ಕಾರಣಕ್ಕಾಗಿ ಹೆಚ್ಚಿನ ಕ್ರೋಮೋಸೋಮ್ ಪರೀಕ್ಷೆ ಬೇಕಿಲ್ಲ ಎಂದು ಅಮೆರಿಕದ ಸೊಸೈಟಿ ಫಾರ್ ಮೆಟರ್ನಲ್-ಫೀಟಲ್ ಮೆಡಿಸಿನ್ 2021ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿರುವಾಗ ಬರಿಯ ಈ ಸಾಲಿನ ಆಧಾರದ ಮೇಲೆ ಆಮ್ನಿಯೊಸೆಂಟೆಸಿಸ್‌ಗೆ, ಅಂದರೆ ಸೂಜಿ ಹಾಕಿ ಗರ್ಭದ ನೀರು ತೆಗೆಯುವ ಪರೀಕ್ಷೆಗೆ ಬರೆದುಕೊಟ್ಟರೆ ಕಾರಣ ಕೇಳಿ, ಬೇಕಾದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಬಹುದು. ಬೇರೆ ಅಂಗದಲ್ಲಿಯೂ ದೋಷ ಕಂಡಿದ್ದರೆ ಮಾತ್ರ ಪರಿಸ್ಥಿತಿ ಬೇರೆ. ಆಗ ಆ ಪರೀಕ್ಷೆ ನಿಜವಾಗಿಯೂ ಉಪಯುಕ್ತ, ಮುಂದೂಡಬಾರದು. ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಒಂದು ಸ್ಕ್ರೀನಿಂಗ್ ಮಾತ್ರ; ಅದರಲ್ಲಿ ‘ಹೈ ರಿಸ್ಕ್’ ಬಂದರೂ ಅಂತಿಮ ನಿರ್ಣಯಕ್ಕೆ ಆಮ್ನಿಯೊಸೆಂಟೆಸಿಸ್‌ನಂಥ ಪರೀಕ್ಷೆ ಬೇಕು.

ಇಲ್ಲೊಂದು ಕಠಿಣ ವಿಷಯವನ್ನೂ ಹೇಳಲೇಬೇಕು. ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 20ರಿಂದ 24 ವಾರಗಳ ನಡುವೆ ನಿಗದಿತ ವರ್ಗಗಳಿಗೆ ಸೇರಿದ ಮಹಿಳೆಯರಿಗೆ ಇಬ್ಬರ ಅಭಿಪ್ರಾಯ ಬೇಕು, ಅದರಾಚೆ ಮಗುವಿಗೆ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ನಿರ್ಣಯಿಸಬೇಕು. ಅನೇಕ ದೋಷಗಳಿರುವ ಮಗುವಿನ ತಂದೆತಾಯಿಗೆ ಈ ಗಡುವುಗಳು ತಿಳಿದಿರಬೇಕು. ಮರುಸ್ಕ್ಯಾನ್ ತಡಮಾಡಬಾರದು ಎಂದದ್ದು ಇದಕ್ಕಾಗಿಯೂ ಹೌದು. ಆದರೆ ಬೇರೆ ದೋಷವಿಲ್ಲದೆ ಒಂದೇ ಅಪಧಮನಿ ಇದೆ ಎಂಬುದು ಗರ್ಭವನ್ನು ತೆಗೆಸಲು ಕಾರಣವೇ ಅಲ್ಲ. ಹಾಗೆ ಸಲಹೆ ಕೊಡುವ ನೆಂಟರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯ ಪ್ರಶ್ನೆ: ಮಗು ಬೆಳೆಯುತ್ತಿದೆಯೇ?

ಒಂದೇ ಅಪಧಮನಿ ಇರುವ ಮಕ್ಕಳಲ್ಲಿ ತೂಕ ಕಡಿಮೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿದರೆ, ಬೇರೆ ದೋಷವಿಲ್ಲದ ಮಕ್ಕಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಇನ್ನು ಕೆಲವು ಹೇಳುತ್ತವೆ. ಈ ಭಿನ್ನಾಭಿಪ್ರಾಯದ ನಡುವೆ ವೈದ್ಯರು ಹಿಡಿದಿರುವ ದಾರಿ, ಕೊನೆಯ ಮೂರು ತಿಂಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ಮಾಡಿ ನೋಡುವುದು. ಮೇಲೆ ಹೇಳಿದ ಮಾರ್ಗಸೂಚಿ ಕೊನೆಯ ತ್ರೈಮಾಸಿಕದಲ್ಲಿ ಒಂದು ಬೆಳವಣಿಗೆ ಸ್ಕ್ಯಾನ್ ಬೇಕೆನ್ನುತ್ತದೆ, ಮತ್ತು 36 ವಾರಗಳಿಂದ ವಾರಕ್ಕೊಮ್ಮೆ ಮಗುವಿನ ಸ್ಥಿತಿಯನ್ನು ಪರೀಕ್ಷಿಸುವುದನ್ನು ಪರಿಗಣಿಸಬಹುದು ಎನ್ನುತ್ತದೆ. ನಮ್ಮಲ್ಲಿ ಹಲವು ವೈದ್ಯರು 28, 32 ಮತ್ತು 36 ವಾರಗಳ ಸುಮಾರಿಗೆ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ. ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಅಲ್ಲಿನ ವೈದ್ಯರು ಇದಕ್ಕಿಂತ ಕಡಿಮೆ ಸ್ಕ್ಯಾನ್ ಹೇಳಿದರೆ ಅದು ನಿರ್ಲಕ್ಷ್ಯವಲ್ಲ. ಊರಿನಲ್ಲಿರುವ ಅತ್ತಿಗೆಗೆ ಎಷ್ಟು ಬಾರಿ ಮಾಡಿದರು ಎಂದು ಹೋಲಿಸಿ ಕೊರಗುವುದು ಬೇಡ.

ಬೆಳವಣಿಗೆಯ ವರದಿಯನ್ನು ಓದುವಾಗ ಒಂದೇ ತೂಕದ ಅಂಕಿಯನ್ನು ಹಿಡಿದುಕೊಳ್ಳಬಾರದು. ಸ್ಕ್ಯಾನ್ ಹೇಳುವ ತೂಕ ಅಂದಾಜು, ಅದರಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಆಗುವುದು ಸಾಮಾನ್ಯ. ಎರಡು ಸ್ಕ್ಯಾನ್‌ಗಳ ನಡುವೆ ಮಗು ಎಷ್ಟು ಬೆಳೆಯಿತು, ಹೊಟ್ಟೆಯ ಸುತ್ತಳತೆ ಏರುತ್ತಿದೆಯೇ, ತೂಕ ಹತ್ತನೇ ಪರ್ಸೆಂಟೈಲ್‌ಗಿಂತ ಕೆಳಗೆ, ಅಂದರೆ ಅದೇ ವಾರದ ನೂರು ಮಕ್ಕಳಲ್ಲಿ ಅತಿ ಕಡಿಮೆ ತೂಕದ ಹತ್ತರ ಸಾಲಿಗೆ, ಇಳಿದಿದೆಯೇ ಎಂಬುದನ್ನು ನೋಡಬೇಕು. ವಾರಕ್ಕೊಮ್ಮೆ ತೂಕ ನೋಡಿಸಿದರೆ ಸಿಗುವುದು ಗೊಂದಲವೇ. ಎರಡು ಅಳತೆಗಳ ನಡುವೆ ಮೂರು ನಾಲ್ಕು ವಾರ, ಕನಿಷ್ಠ ಎರಡು ವಾರ ಅಂತರವಿರಬೇಕು. ಬೆಳವಣಿಗೆಯನ್ನು ಅಳೆಯಲು ಗರ್ಭದ ಸರಿಯಾದ ವಯಸ್ಸು ಗೊತ್ತಿರಬೇಕಾದ್ದರಿಂದ, ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್‌ನ ವರದಿ ಕೊನೆಯವರೆಗೂ ಅತ್ಯಂತ ಬೆಲೆಯುಳ್ಳ ಕಾಗದ. ಅದನ್ನು ಕಳೆಯಬೇಡಿ.

ಮಗು ಬೆಳೆಯಲೆಂದು ಮನೆಯಲ್ಲಿ ಮಾಡಬಹುದಾದದ್ದು ಎಲ್ಲ ಗರ್ಭಿಣಿಯರೂ ಮಾಡಬೇಕಾದದ್ದೇ. ಕಬ್ಬಿಣದ ಮಾತ್ರೆ ತಪ್ಪಿಸದೆ ರಕ್ತಹೀನತೆ ಸರಿಪಡಿಸಿಕೊಳ್ಳುವುದು, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿಡುವುದು, ಮೊಟ್ಟೆಯೋ ಬೇಳೆಕಾಳೋ ಹಾಲೋ ರಾಗಿಯೋ ಒಗ್ಗುವುದನ್ನು ಹೊಟ್ಟೆ ತುಂಬ ಉಣ್ಣುವುದು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಆಚೆ ಹೋಗಬೇಕು. ಇಲ್ಲದ ಅಪಧಮನಿಯನ್ನು ಬೆಳೆಸುವ ಔಷಧಿಯಾಗಲಿ, ಕಷಾಯವಾಗಲಿ, ಪಥ್ಯವಾಗಲಿ ಇಲ್ಲ. ದಿನವಿಡೀ ಮಲಗಿರುವುದರಿಂದ ಮಗುವಿನ ತೂಕ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ, ಮೇಲಾಗಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅದರಿಂದ ಹೆಚ್ಚುತ್ತದೆ. ವೈದ್ಯರು ಬೇಡವೆನ್ನದ ಹೊರತು ನಡೆದಾಡಿ, ಕೆಲಸಕ್ಕೆ ಹೋಗಿ. ಕೊನೆಯ ಮೂರು ತಿಂಗಳಲ್ಲಿ ಅಂಗಾತ ಮಲಗದೆ ಮಗ್ಗುಲಾಗಿ ಮಲಗಿದರೆ ಸಾಕು.

28 ವಾರಗಳ ನಂತರ ಮಗುವಿನ ಚಲನೆಯ ಕಡೆ ಗಮನವಿರಲಿ. ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಎಣಿಸಿದರೆ ಎರಡು ಗಂಟೆಗಳೊಳಗೆ ಹತ್ತು ಚಲನೆಗಳಾದರೂ ತಿಳಿಯಬೇಕು. ಅಷ್ಟು ಬಾರದಿದ್ದರೆ, ಅಥವಾ ನಿಮ್ಮ ಮಗುವಿನ ಎಂದಿನ ಓಡಾಟ ಇಂದು ಕಡಿಮೆಯೆನಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ರಾತ್ರಿ ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಎದೆಬಡಿತ ಕೇಳುವ ಚಿಕ್ಕ ಡಾಪ್ಲರ್ ಯಂತ್ರವನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಎದೆಬಡಿತ ಕೇಳಿಸಿತೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ತವರಿಗೆ ಹೋಗುವ ಮುನ್ನ

ಬೇರೆ ಊರುಗಳವರ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ನಮಗೆ ಬಹಳ ಮುಖ್ಯ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ತವರಿಗೆ ಹೋಗುವುದು ಎಂದರೆ, ಬೆಳವಣಿಗೆಯನ್ನು ನಿಗಾ ಇಟ್ಟು ನೋಡಬೇಕಾದ ಹೊತ್ತಿಗೇ ವೈದ್ಯರು, ಸ್ಕ್ಯಾನ್ ಕೇಂದ್ರ, ಆಸ್ಪತ್ರೆ ಎಲ್ಲವೂ ಬದಲಾಗುವುದು. ಬೆಂಗಳೂರಿನಲ್ಲಿ ತೋರಿಸಿಕೊಳ್ಳುತ್ತಿದ್ದವರು ಸಿರಸಿಗೋ ಸಿಂಧನೂರಿಗೋ ಹೋದಾಗ, ಅಲ್ಲಿನ ವೈದ್ಯರಿಗೆ ಈ ಸಂಗತಿ ತಿಳಿಯದೆಯೇ ಹೋಗುವ ಸಂಭವವಿದೆ. ಹೊರಡುವ ಮುನ್ನ ಈಗಿನ ವೈದ್ಯರಿಂದ ಅರ್ಧ ಪುಟದಷ್ಟಾದರೂ ಒಂದು ಪತ್ರ ಬರೆಸಿಕೊಳ್ಳಿ. ಒಂದೇ ಅಪಧಮನಿ ಇದೆ, ಬೇರೆ ಅಂಗಗಳು ಹೀಗಿವೆ, ಮುಂದಿನ ಬೆಳವಣಿಗೆ ಸ್ಕ್ಯಾನ್ ಇಂಥ ವಾರ ಆಗಬೇಕು ಎಂಬಷ್ಟು ಅದರಲ್ಲಿದ್ದರೆ ಸಾಕು. ತಾಯಿ ಕಾರ್ಡಿನ ಮೊದಲ ಪುಟದಲ್ಲಿಯೂ ಈ ವಿಷಯವನ್ನು ಬರೆಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಸಾಧ್ಯವಾದರೆ 28 ಅಥವಾ 30 ವಾರಗಳ ಸ್ಕ್ಯಾನನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಹೊಸ ಊರಿನ ಅಳತೆಗಳನ್ನು ಹೋಲಿಸಲು ಒಂದು ಆಧಾರ ಸಿಗುತ್ತದೆ. ಖಾಸಗಿ ವೆಚ್ಚ ಭರಿಸಲಾಗದವರು ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಹೋಗಿ ವರದಿಗಳನ್ನು ತೋರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದವರನ್ನು ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೆ ಕಳಿಸುವ ವ್ಯವಸ್ಥೆ ಇದೆ.

ಮನಸ್ಸಿನ ಭಾರ

ಅಂತರ್ಜಾಲದಲ್ಲಿ ಸಿಗುವ ಹೆದರಿಸುವ ಅಂಕಿಗಳ ಹಿನ್ನೆಲೆ ತಿಳಿದುಕೊಂಡರೆ ಒಳ್ಳೆಯದು. ಹಳೆಯ ಅಧ್ಯಯನಗಳಲ್ಲಿ ಅನೇಕವು ರೋಗಶಾಸ್ತ್ರಜ್ಞರು ಹೆರಿಗೆಯ ನಂತರ ಬಳ್ಳಿಯನ್ನು ಕತ್ತರಿಸಿ ನೋಡಿ ಬರೆದವು, ಅವುಗಳಲ್ಲಿ ತೀರಿಹೋದ ಮತ್ತು ಅನಾರೋಗ್ಯದ ಮಕ್ಕಳ ಪಾಲು ಹೆಚ್ಚಿತ್ತು. ಅಲ್ಲಿನ ಶೇಕಡಾವಾರು ಲೆಕ್ಕವನ್ನು, ಎಲ್ಲ ಅಂಗಗಳೂ ಸರಿಯಿವೆ ಎಂದು ಇಂದಿನ ಸ್ಕ್ಯಾನ್‌ನಲ್ಲಿ ಕಂಡ ಮಗುವಿಗೆ ಅನ್ವಯಿಸುವುದು ತಪ್ಪು. ಏನಾದರೂ ಓದಲೇಬೇಕೆನಿಸಿದರೆ, ಅದು ಬೇರೆ ದೋಷವಿಲ್ಲದವರ ಬಗ್ಗೆಯೇ ಎಂದು ಮೊದಲು ನೋಡಿಕೊಳ್ಳಿ.

ಮನೆಯ ಹಿರಿಯರಿಗೆ ಹೇಳಬೇಕೇ ಬೇಡವೇ ಎಂಬುದನ್ನು ದಂಪತಿ ಕೂಡಿ ತೀರ್ಮಾನಿಸಲಿ. ಹೇಳುವುದಾದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ, ಗಂಡನೇ ಹೇಳುವುದು ಲೇಸು. ಅರ್ಧ ಮಾಹಿತಿಯ ಹೊತ್ತಿನಲ್ಲಿ ಹತ್ತು ಜನ ಹತ್ತು ಪ್ರಶ್ನೆ ಕೇಳಿದರೆ ಉತ್ತರಿಸುವ ಹೊರೆ ಗರ್ಭಿಣಿಯ ಮೇಲೆಯೇ ಬೀಳುತ್ತದೆ. ವೈದ್ಯರ ಭೇಟಿಗೆ ಇಬ್ಬರೂ ಹೋಗಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ನಿದ್ದೆ ಬಾರದೆ, ಊಟ ಸೇರದೆ, ಅಳು ನಿಲ್ಲದೆ ದಿನಗಳು ಕಳೆಯುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.

ಹೆರಿಗೆ ಮತ್ತು ಆ ಬಳಿಕ

ಒಂದೇ ಅಪಧಮನಿ ಇದೆ ಎಂಬುದಷ್ಟೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ. ಬೆಳವಣಿಗೆ ಸರಿಯಾಗಿದ್ದು, ಮಾಸು ಮತ್ತು ಬಳ್ಳಿ ಇರಬೇಕಾದಲ್ಲಿ ಇದ್ದರೆ, ಸಹಜ ಹೆರಿಗೆಗಾಗಿ ಕಾಯಬಹುದು. ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ನಿಗಾ ಇಟ್ಟು ನೋಡುವ, ಬೇಕಾದರೆ ಕೂಡಲೇ ಶಸ್ತ್ರಕ್ರಿಯೆ ಮಾಡಬಲ್ಲ, ಮಕ್ಕಳ ವೈದ್ಯರು ಇರುವ ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು. ತೂಕ ಕಡಿಮೆಯಿರುವ ಮಗುವಾದರೆ ನವಜಾತ ಶಿಶುಗಳ ಆರೈಕೆ ಘಟಕವಿರುವಲ್ಲಿಯೇ ಹೆರಿಗೆಯಾಗಲಿ.

ಮಗು ಹುಟ್ಟಿದ ಮೇಲೆ ಬಳ್ಳಿಯ ಕತ್ತರಿಸಿದ ತುದಿಯನ್ನು ನೋಡಿ ನಾಳಗಳನ್ನು ಎಣಿಸಲು ಹೇಳಿ. ಮಕ್ಕಳ ವೈದ್ಯರು ಎದೆಬಡಿತ ಕೇಳುತ್ತಾರೆ, ಗುದದ್ವಾರ ಸರಿಯಿದೆಯೇ ಎಂದು ನೋಡುತ್ತಾರೆ, 24 ಗಂಟೆಗಳೊಳಗೆ ಮೂತ್ರ ಹೋಯಿತೇ ಎಂದು ಕೇಳುತ್ತಾರೆ. ಗರ್ಭದಲ್ಲಿದ್ದಾಗಲೇ ಎರಡೂ ಮೂತ್ರಪಿಂಡಗಳು ಸ್ಪಷ್ಟವಾಗಿ ಕಂಡಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಕಂಡಿರದಿದ್ದರೆ ಮಾಡಿಸುವುದು ಸರಿ. ಹೊಕ್ಕುಳಿನ ಆರೈಕೆ ಎಲ್ಲ ಮಕ್ಕಳಿಗೂ ಒಂದೇ: ಒಣಗಿರುವಂತೆ ನೋಡಿಕೊಳ್ಳುವುದು, ಎಣ್ಣೆ, ಅರಿಸಿನ, ಬೂದಿ ಯಾವುದನ್ನೂ ಹಚ್ಚದಿರುವುದು. ಬೇರೆ ದೋಷವಿಲ್ಲದ ಮಗುವಿಗೆ ಎದೆಹಾಲು, ಲಸಿಕೆ, ಸ್ನಾನ ಎಲ್ಲವೂ ಎಲ್ಲ ಮಕ್ಕಳಂತೆಯೇ.

ಮುಂದಿನ ಬಸಿರಿನಲ್ಲಿ ಇದೇ ಮರುಕಳಿಸುವ ಸಾಧ್ಯತೆ ಕಡಿಮೆ. ಆದರೂ ಮೊದಲ ಭೇಟಿಯಲ್ಲಿಯೇ ಹಿಂದಿನ ವರದಿಯನ್ನು ವೈದ್ಯರಿಗೆ ತೋರಿಸಿ, ಸಕ್ಕರೆ ಕಾಯಿಲೆಯಿದ್ದರೆ ಬಸಿರಾಗುವ ಮೊದಲೇ ಅದನ್ನು ಹತೋಟಿಗೆ ತಂದುಕೊಂಡು, ಅನಾಮಲಿ ಸ್ಕ್ಯಾನನ್ನು 18ರಿಂದ 20 ವಾರಗಳ ನಡುವೆ ತಪ್ಪದೆ ಮಾಡಿಸಿಕೊಳ್ಳಬೇಕು.